ತೊಟ್ಟಿಲಿನ ಹಿಂದಿನ ನಂಬರು

ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದೆಂದರೆ ನನಗೆ ಹಬ್ಬ. ಕೊಪ್ಪಳದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದಾಗ ಹುಡುಗಿಯರು ನನ್ನೆದುರು ಕೀಬೋರ್ಡು ಮುಟ್ಟಲು ಹೆದರುತ್ತಿದ್ದರು. ಆಮೇಲೆ ಕ್ಲಾಸು ನಿಲ್ಲಿಸಿದೆ. ಮನೆಯ ಮುಂದಿನ ಕೋಣೆಯಲ್ಲೇ ಕುಳಿತು ಕುಷ್ಟಗಿಯ ಬಟ್ಟೆ ಅಂಗಡಿಗೆ, ಗಂಗಾವತಿಯ ಅಕ್ಕಿ ವ್ಯಾಪಾರಿಗೆ ವೆಬ್‌ಸೈಟ್ ಮಾಡಿಕೊಡಲು ಶುರು ಮಾಡಿದೆ. ಆದರೂ ಆ ಚಾಳಿ ಹೋಗಲಿಲ್ಲ. "ಇಷ್ಟೂ ತಿಳಿಯೂದಿಲ್ಲೇನು?" ಎಂಬುದು ನನ್ನ ನಾಲಿಗೆಯ ತುದಿಯಲ್ಲೇ ಇರುವ ಮಾತು. ಈಚೆಗೆ ಅದು ಬಾಯಿಗೆ ಬಂದಾಗ ನುಂಗಿಕೊಳ್ಳುತ್ತೇನೆ.

ಹುಡುಗಿಯರಿಗೆ ನಾನು ಬಹಳ ಜಂಬದಿಂದ ಕಲಿಸುತ್ತಿದ್ದ ಪಾಠವೆಂದರೆ ನಂಬರಿನದು. ಡೇಟಾಬೇಸಿನೊಳಗೆ ಹೊಸ ದಾಖಲೆ ಸೇರಿಸಿದರೆ ಅದಕ್ಕೊಂದು ನಂಬರು ಬೀಳುತ್ತದೆ. ನಾವು ಕೊಡಬೇಕಾಗಿಲ್ಲ, ತಾನೇ ಬೀಳುತ್ತದೆ, ಹಿಂದಿನದಕ್ಕೆ ಒಂದು ಕೂಡಿಸಿದಂತೆ. ದಾಖಲೆ ಅಳಿಸಿಹೋದರೂ ಆ ನಂಬರು ಇನ್ನೊಬ್ಬರ ಪಾಲಾಗುವುದಿಲ್ಲ. "ಹೆಸರು ನಂಬಬ್ಯಾಡ್ರಿ, ಒಂದ ಹೆಸರಿನವ್ರು ಓಣಿ ತುಂಬ ಇರ್ತಾರ. ಫೋನ್ ನಂಬರೂ ನಂಬಬ್ಯಾಡ್ರಿ, ಇಡೀ ಮನಿಗೆ ಒಂದ ಇರ್ತೈತಿ. ಈ ನಂಬರ ನಂಬ್ರಿ. ಇದನ್ನ ಕೊಟ್ರ ಅದ ದಾಖಲೆ ತಂದು ಕೈಯಾಗ ಇಡ್ತೈತಿ" ಎನ್ನುತ್ತಿದ್ದೆ. ಕಲಿಸಿದ್ದು ಸುಳ್ಳಲ್ಲ. ಆದರೆ ಅರ್ಧ ಕಲಿಸಿದ್ದೆ. ನಂಬರು ಕೊಟ್ಟವರು ಯಾರು ಎಂದು ಅದು ಕೇಳುವುದಿಲ್ಲ, ಯಾರು ಕೇಳಿದರೂ ತಂದು ಕೈಯಲ್ಲಿಡುತ್ತದೆ ಎಂಬ ಉಳಿದರ್ಧ ನನ್ನ ಪಾಠದಲ್ಲಿ ಇರಲಿಲ್ಲ.

ಆ ಪಾಠ ಕೇಳಿದವರಲ್ಲಿ ಕಿನ್ನಾಳದ ಒಂದು ಚಿತ್ರಗಾರರ ಮನೆಯ ಸೊಸೆಯೂ ಇದ್ದಳು. ತವರು ಅಳವಂಡಿ, ಹೊಲದ ಕೆಲಸದ ಮನೆತನ. ಮದುವೆಯಾಗಿ ಬಂದ ಮೇಲೆ ಬಣ್ಣ ಹಿಡಿದವಳು. ಬಸ್ಸಿನಲ್ಲಿ ಬಂದು ಕ್ಲಾಸು ಮುಗಿಸಿ ಓಡುತ್ತಿದ್ದಳು. ಉಗುರಿನ ಸಂದಿಯಲ್ಲಿ ಯಾವಾಗಲೂ ಹಳದಿಯೋ ಹಸಿರೋ ಇರುತ್ತಿತ್ತು. ನನಗೆ ಹೆದರದೆ ಎದುರು ಪ್ರಶ್ನೆ ಹಾಕುತ್ತಿದ್ದವಳು ಅವಳೊಬ್ಬಳೇ. ನನ್ನ ಬೈಗುಳಕ್ಕೆ ನಕ್ಕು, "ಅಕ್ಕಾರ, ನಮ್ಮ ಮಾವಾರು ನಿಮಗಿಂತ ಜೋರ ಅದಾರ್ರಿ" ಎಂದುಬಿಡುತ್ತಿದ್ದಳು.

ಕ್ಲಾಸು ನಿಂತ ಮೇಲೂ ಅವಳು ನನ್ನನ್ನು ಬಿಡಲಿಲ್ಲ. ತಮ್ಮ ಮನೆಗೊಂದು ವೆಬ್‌ಸೈಟ್ ಬೇಕು ಎಂದಳು. ಗೊಂಬೆ, ತೊಟ್ಟಿಲು, ಮಣೆಗಳಿಗೆ ದೂರದಿಂದ ಗಿರಾಕಿಗಳು ಕೇಳುತ್ತಾರೆ, "ಎಲ್ಲೀತನಾ ಬಂತು?" ಎಂದು ದಿನಾ ಫೋನು. ಒಬ್ಬೊಬ್ಬರ ಆರ್ಡರಿಗೆ ಒಂದು ಪುಟ ಇದ್ದು, ಕೆಲಸ ಮುಂದುವರಿದಂತೆ ಫೋಟೋ ಹಾಕಿದರೆ ಅವರೇ ನೋಡಿಕೊಳ್ಳುತ್ತಾರೆ. ಛಲೋ ವಿಚಾರ ಎನಿಸಿತು. ಅವಳ ಗಂಡ ಸರ್ಕಾರಿ ಕಚೇರಿಯಲ್ಲಿ ಕೆಲಸಕ್ಕಿದ್ದಾನೆ. ಒಳ್ಳೆಯ ಮನುಷ್ಯ, ಆದರೆ ಕುಂಚ ಹಿಡಿದರೆ ಕೈ ನಡುಗುತ್ತದೆ ಎಂದು ಅವನೇ ಹೇಳಿಕೊಳ್ಳುತ್ತಾನೆ. ಹಾಗಾಗಿ ಮಾವನ ಕೆಲಸ ಮುಂದೆ ಯಾರಿಗೆ ಎಂಬ ಪ್ರಶ್ನೆ ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಕೇಳುತ್ತಿರಲಿಲ್ಲ.

ಮಾತಾಡಲೆಂದು ನಾನು ಕಿನ್ನಾಳಕ್ಕೆ ಹೋದಾಗ ಮಾವ ಪಡಸಾಲೆಯಲ್ಲಿ ಕುಳಿತು ಹುಣಸೆಬೀಜದ ಅಂಟು ಕಲಸುತ್ತಿದ್ದರು. ನಾನು ಅವರನ್ನು ಕಾಕಾ ಎನ್ನುತ್ತೇನೆ. ಪಡಸಾಲೆಯ ಆಚೆ ಪರದೆ ಕಟ್ಟಿದ ಒಳಕೋಣೆ. ಅದು ದೇವಿಯ ಕೋಣೆ. ಸುತ್ತಲ ಊರುಗಳ ಗ್ರಾಮದೇವತೆಗಳು ಮರದವು. ಎಷ್ಟೋ ವರ್ಷಕ್ಕೊಮ್ಮೆ ಬಣ್ಣ ಮಾಸಿದಾಗ ಊರವರು ದೇವಿಯನ್ನು ಕರೆತಂದು ಇಲ್ಲಿ ಕೂರಿಸುತ್ತಾರೆ. ಬಣ್ಣಕ್ಕೆ ಕುಂತಾಳ ಎನ್ನುತ್ತಾರೆ. ಅವಳು ಬಣ್ಣಕ್ಕೆ ಕೂತಷ್ಟು ದಿನ ಆ ಊರಿನಲ್ಲಿ ಮದುವೆ ಮಾತಿಲ್ಲ, ಒಗ್ಗರಣೆಯ ಚುರ್ ಎನ್ನುವ ಸದ್ದೂ ಇಲ್ಲ. ಹಳೆಯ ಬಣ್ಣ ಕೆರೆದು, ಹೊಸದು ಹಚ್ಚಿ, ಎಲ್ಲ ಮುಗಿದ ಮೇಲೆ ಕೊನೆಗೆ ಕಣ್ಣು ಬರೆಯುತ್ತಾರೆ. ಕಣ್ಣು ಬರೆದು ಕನ್ನಡಿ ತೋರಿಸಿದ ಮೇಲೇ ಅವಳು ದೇವಿ. ಅಲ್ಲಿಯವರೆಗೆ ಆ ಊರಿನವರು ಯಾರೂ ಅವಳ ಮುಖ ನೋಡಬಾರದು.

"ಗೊಂಬಿ, ತೊಟ್ಟಲಾ ಯಾರರ ನೋಡ್ಲಿ ತಂಗಿ," ಎಂದರು ಕಾಕಾ. "ದೇವೀದೂ ಫೋಟೋ ಬೇಕು, ಆದ್ರ ನಮಗಷ್ಟ. ಮತ್ತ ಯಾವಾಗ ಬಣ್ಣಕ್ಕ ಬರ್ತಾಳೋ, ಆವಾಗ ನಾ ಇರ್ತೀನೋ ಇಲ್ಲೋ. ಸೀರಿ ಅಂಚ ಹೆಂಗಿತ್ತು, ಹಣಿ ಮ್ಯಾಲಿನ ಗೆರಿ ಹೆಂಗಿತ್ತು, ಮುಂದಿನವ್ರಿಗೆ ಗೊತ್ತಾಗಬೇಕಲ್ಲ. ಹೊರಗಿನವರ ಕಣ್ಣಿಗೆ ಬೀಳಬಾರ್ದು, ಅದನ್ನ ನೀ ನೋಡ್ಕೋ."

"ನೋಡ್ಕೋತೀನಿ ಕಾಕಾ" ಎಂದೆ. ಆ ಮಾತು ನೆನಪಾದಾಗ ಈಗಲೂ ಮೈ ಬಿಸಿಯಾಗುತ್ತದೆ.

ಫೋಟೋ ತೆಗೆಯುವವರು ಯಾರು? ಕಾಕಾಗೆ ಫೋನು ಹಿಡಿಯಲು ಬಾರದು, ಮಗ ಕಚೇರಿಯಲ್ಲಿ. ಸೊಸೆಯೇ ಒಳಗೆ ಹೋಗಬೇಕಾಯಿತು. ಆ ಮನೆಯ ಹೆಂಗಸರು ಅಂಟು ಅರೆಯುತ್ತಿದ್ದರು, ಗೊಂಬೆಗಳಿಗೆ ಬಣ್ಣ ತುಂಬುತ್ತಿದ್ದರು, ದೇವಿಯ ಕೋಣೆಯ ಹೊಸ್ತಿಲು ದಾಟಿದವರಿಲ್ಲ. ಫೋಟೋ ನೆಪದಲ್ಲಿ ಇವಳು ದಾಟಿದಳು. ಮೊದಲು ಫೋನು ಹಿಡಿದು ನಿಂತಳು. ಆಮೇಲೆ ಬಣ್ಣದ ಬಟ್ಟಲು ಹಿಡಿದಳು. ಆಮೇಲೆ ಕುಂಚ. ಒಂದು ದಿನ ಕಾಕಾ ನನಗೇ ಫೋನು ಮಾಡಿಸಿ, "ಈ ಸಲ ಸೀರಿ ಅಂಚ ಸೊಸೀನ ಬರದಾಳ ತಂಗಿ. ನಾ ಬರದದ್ದ ಯಾವದು, ಆಕಿ ಬರದದ್ದ ಯಾವದು, ನನಗ ತಿಳಿವಲ್ದು" ಎಂದಿದ್ದರು. ಹಿಂದೆ ಅವಳು ನಗುವುದು ಕೇಳಿಸಿತು. ಆಮೇಲೆ ನನ್ನೊಂದಿಗೆ ಮಾತಾಡುವಾಗ ದನಿ ಸಣ್ಣದು ಮಾಡಿ, "ಕಣ್ಣ ಬರಿಯೂದ ನೋಡಾಕ ಬಿಡ್ತೀನಿ ಅಂದಾರ್ರಿ ಅಕ್ಕಾರ" ಎಂದಳು. ಅವಳಿಗೆ ಬೇಕಾಗಿದ್ದುದು ಅದೊಂದೇ. ಒಮ್ಮೆ ನೋಡಿದರೆ ಸಾಕು, ಆ ಕೈ ಎಲ್ಲಿ ನಿಂತು ಎಲ್ಲಿ ತಿರುಗುತ್ತದೆ ಎಂದು ತಿಳಿಯುತ್ತದೆ ಎನ್ನುತ್ತಿದ್ದಳು.

ಇನ್ನು ನಾನು ಮಾಡಿದ ಘನಕಾರ್ಯ. ಗಿರಾಕಿಗಳ ಆರ್ಡರುಗಳಿಗೆ ಒಂದು ಕೋಷ್ಟಕ ಮಾಡಿದ್ದೆ. ದೇವಿಗಳಿಗೆ ಬೇರೆಯೊಂದು ಮಾಡಬೇಕಿತ್ತು. ಬೇಸರ ಬಂತು. ದೇವಿಯೂ ಒಂದು ಆರ್ಡರೇ ಅಲ್ಲವೇ ಎಂದು ಗೊಂಬೆ, ತೊಟ್ಟಿಲುಗಳ ಸಾಲಿನಲ್ಲೇ ಸೇರಿಸಿ, 'ಗುಪ್ತ' ಎಂದೊಂದು ಟಿಕ್ ಇಟ್ಟೆ. ಟಿಕ್ ಇದ್ದರೆ ಮುಖಪುಟದಲ್ಲಿ ಕಾಣುವುದಿಲ್ಲ. ಅಷ್ಟೇ. ಪುಟದ ವಿಳಾಸದ ಕೊನೆಯಲ್ಲಿ ದಾಖಲೆಯ ನಂಬರು ಇರುತ್ತಿತ್ತಲ್ಲ, ಅದನ್ನು ಯಾರಾದರೂ ನೇರವಾಗಿ ಹೊಡೆದರೆ ಏನಾಗುತ್ತದೆ ಎಂದು ನೋಡಲೇ ಇಲ್ಲ. ಬಾಗಿಲ ಮೇಲಿನ ಬೋರ್ಡು ತೆಗೆದಿದ್ದೆ, ಚಿಲಕ ಹಾಕಿರಲಿಲ್ಲ. ಇದು ನನಗೆ ತಿಳಿಯದ ವಿಷಯವೂ ಅಲ್ಲ. ಬೇರೆಯವರ ಪ್ರೋಗ್ರಾಮಿನಲ್ಲಿ ಇದನ್ನೇ ಕಂಡು ನಾನು ಹೊಟ್ಟೆ ತುಂಬ ನಕ್ಕಿದ್ದೇನೆ.

ಯಲಬುರ್ಗಾ ಕಡೆ, ತಳಕಲ್ ದಾಟಿದ ಮೇಲೆ ಸಿಗುವ ಒಂದು ಊರಿನವರು ದೇವಿಯನ್ನು ಬಣ್ಣಕ್ಕೆ ತಂದಿದ್ದರು. ಸೊಸೆ ಸೀರೆಯ ಅಂಚು ಬರೆದದ್ದು ಈ ದೇವಿಗೇ. ಅದೇ ಟೆಂಪೋದಲ್ಲಿ ಬಂದಿದ್ದ ಊರ ಹಿರಿಯರೊಬ್ಬರು, ಹೇಗೂ ಬಂದಿದ್ದೇವೆ ಎಂದು, ಹುಟ್ಟಲಿರುವ ಮೊಮ್ಮಗುವಿಗೆ ತೊಟ್ಟಿಲು ಹೇಳಿ ಹೋದರು. ಸೊಸೆ ಎರಡನ್ನೂ ಒಂದರ ಹಿಂದೊಂದು ದಾಖಲಿಸಿದಳು. ದೇವಿಗೆ ನಲವತ್ತೊಂದು ಬಿತ್ತು, ತೊಟ್ಟಿಲಿಗೆ ನಲವತ್ತೆರಡು. ತೊಟ್ಟಿಲಿನ ಪುಟದ ಲಿಂಕು ಆ ಹಿರಿಯರ ಮನೆಗೆ ಹೋಯಿತು.

ಆ ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳಿದ್ದಳು. ಅತ್ತಿಗೆಯ ತೊಟ್ಟಿಲಿಗೆ ಗಿಳಿ ಬೇಕೋ ನವಿಲು ಬೇಕೋ ಎಂದು ಮನೆಯಲ್ಲಿ ವಾದ ನಡೆದಿತ್ತಂತೆ. ಬೇರೆಯವರು ಏನು ಬರೆಸಿದ್ದಾರೆ ನೋಡೋಣ ಎಂದು ವಿಳಾಸದ ಕೊನೆಯ ಅಂಕಿ ಎರಡನ್ನು ಅಳಿಸಿ ಅಲ್ಲಿ ಒಂದು ಎಂದು ಹೊಡೆದಳು. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ತೆರೆದದ್ದು ತೊಟ್ಟಿಲಲ್ಲ. ಕೈ ಬಿಚ್ಚಿಟ್ಟ, ಬಣ್ಣ ಕೆರೆದ, ಕಣ್ಣಿಲ್ಲದ ಅವರೂರಿನ ದೇವಿ. ಹುಡುಗಿ ಗಾಬರಿಯಾಗಿ ಅಜ್ಜಿಗೆ ತೋರಿಸಿದಳು, ಅಜ್ಜಿ ಸೆರಗಿನಿಂದ ಮುಖ ಮುಚ್ಚಿಕೊಂಡು ಕೂಗಿದಳು, ಪಕ್ಕದ ಮನೆಯವರು ಬಂದರು. ಯಾರೋ ಆ ಪುಟದ ಚಿತ್ರ ತೆಗೆದು ಊರ ವಾಟ್ಸಾಪ್ ಗುಂಪಿಗೆ ಹಾಕಿದರು, "ಇದನ್ನ ಯಾರೂ ನೋಡಬ್ಯಾಡ್ರಿ" ಎಂದು ಬರೆದು. ಎಲ್ಲರೂ ನೋಡಿದರು.

ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಅವಳ ಫೋನು ಬಂತು.

"ಅಕ್ಕಾರ, ದೇವಿ ಫೋಟೋ ಊರಾಗ ಹೋಗ್ಯಾವ್ರಿ. ಮಾವಾರು ಉಸಿರ ಎತ್ತವಲ್ರು. ಹೆಂಗ ಹೋದುವ್ರಿ?"

ನಾನು ಏನಂದೆ ಗೊತ್ತೇ? "ನೀನ ಯಾರಿಗರ ಕಳಿಸೀಯೇನು? ನೆನಪ ಮಾಡ್ಕೋ."

"ಇಲ್ರಿ" ಎಂದಳು. ಆ ದಿನ ಅದೇ ಪ್ರಶ್ನೆಯನ್ನು ಅವಳಿಗೆ ಗಂಡ ಕೇಳಿದ, ಅತ್ತೆ ಕೇಳಿದರು, ಊರವರು ಕೇಳಿದರು. ಮೊದಲು ಕೇಳಿದವಳು ನಾನು. ಹಿಟ್ಟಿನ ಕೈ ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಕುಳಿತು, ಲಾಗಿನ್ ಆಗದೆ, ಯಾರೋ ಹೊರಗಿನವಳ ಹಾಗೆ ನಲವತ್ತೊಂದು ಎಂದು ಹೊಡೆದೆ. ತಟ್ಟನೆ ತೆರೆಯಿತು. ನನ್ನ ಪ್ರೋಗ್ರಾಮು ಎಂದೂ ನಿಧಾನ ಮಾಡಿದ್ದಲ್ಲ. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬರುವವರೆಗೂ ಕುಳಿತೇ ಇದ್ದೆ.

ಕಿನ್ನಾಳ ಮುಟ್ಟಿದಾಗ ದೇವಿಯ ಊರಿನ ಹಿರಿಯರು ಬಂದು ಪಡಸಾಲೆಯಲ್ಲಿ ಕುಳಿತಿದ್ದರು. ಕಾಕಾ ನೆಲ ನೋಡುತ್ತಿದ್ದರು. ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಬಸ್ಸಿನಲ್ಲಿ ಮಾತು ಹೊಂದಿಸಿಕೊಂಡೇ ಬಂದಿದ್ದೆ. ತಪ್ಪು ನನ್ನದು, ಈ ಹುಡುಗಿ ಯಾರಿಗೂ ಏನೂ ಕಳಿಸಿಲ್ಲ, ವಿಳಾಸದ ಕೊನೆಯ ನಂಬರು ಬದಲಿಸಿದರೆ ಯಾರಿಗಾದರೂ ಕಾಣುವಂತೆ ನಾನೇ ಬಿಟ್ಟಿದ್ದೆ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಫೋನಿನಲ್ಲಿ ಮಾಡಿಯೂ ತೋರಿಸಿದೆ. ದೇವಿಯ ಪುಟವಲ್ಲ, ಗೊಂಬೆಯ ಪುಟ.

ತೊಟ್ಟಿಲು ಹೇಳಿದ್ದ ಹಿರಿಯರು ನನ್ನನ್ನು ಬಹಳ ಮರ್ಯಾದೆಯಿಂದ ನೋಡಿದರು. "ನೀವ್ಯಾಕ ಮನಸಿಗೆ ಹಚ್ಕೋತೀರಿ ಮೇಡಮ್ಮಾರ. ಮಷೀನ್ ಅಂದ ಮ್ಯಾಲೆ ಒಂದೊಂದ ಸಲ ಹಂಗ ಆಕ್ಕೈತಿ. ನಿಮ್ದೇನೂ ತಪ್ಪಿಲ್ಲ."

"ಮಷೀನದ್ದಲ್ರೀ, ನಂದು."

"ಇರ್ಲಿ ಬಿಡ್ರಿ. ಚಾ ಕುಡೀರಿ." ಅವರು ಒಳಗೆ ನೋಡಿ ಹೇಳಿದರು, "ಮೇಡಮ್ಮಾರಿಗೆ ಚಾ ಕೊಡವಾ." ಸೊಸೆ ತಂದುಕೊಟ್ಟಳು. ಅವಳು ತಿರುಗಿ ಹೋದ ಮೇಲೆ ಆ ಹಿರಿಯರು ಕಾಕಾನ ಕಡೆ ತಿರುಗಿದರು. ದನಿ ಏರಿಸಲಿಲ್ಲ. "ನಮ್ಮಜ್ಜಾರ ಕಾಲದಿಂದ ನಿಮ್ಮನೀಗೇ ತರಾಕತ್ತೀವಿ. ಹೆಣ್ಮಗಳು ಹೊಸ್ತಲಾ ದಾಟಿದ್ದ ನಮಗ ಗೊತ್ತಿದ್ದಿಲ್ಲ. ಫೋಟೋ ಹೊಡದ ಕೈ ಆಕಿದಲ್ಲೇನು? ಆಕಿ ಇನ್ನ ಒಳಗ ಹೋಗೂದಿದ್ರ ಹೇಳ್ರಿ, ನಾವು ದೇವೀನ ಬ್ಯಾರೆ ಮನಿಗೆ ಒಯ್ತೀವಿ."

ನಾನು ಮತ್ತೆ ಬಾಯಿ ಹಾಕಿದೆ. ನಂಬರು, ಲಾಗಿನ್, ಟಿಕ್. ಅವರೆಲ್ಲ ಸಮಾಧಾನದಿಂದ ಕೇಳಿದರು, ತಲೆಯಾಡಿಸಿದರು, ನನಗೆ ಇನ್ನೊಂದು ಬಿಸ್ಕೀಟು ಕೊಟ್ಟರು. ತಪ್ಪು ನನ್ನದು ಎಂದು ಇಷ್ಟು ಜನರೆದುರು ಕೂಗಿ ಹೇಳಿದರೂ ಅದನ್ನು ನನ್ನಿಂದ ಇಸಿದುಕೊಳ್ಳುವವರು ಒಬ್ಬರೂ ಇರಲಿಲ್ಲ. ಕಾಣದ ನಂಬರಿಗಿಂತ ಕಾಣುವ ಕೈಯ ಮೇಲೆ ತಪ್ಪು ಹೊರಿಸುವುದು ಅವರಿಗೆ ಸುಲಭವಾಗಿತ್ತು. ನನಗೆ ಸಿಟ್ಟು ಬಂತು, ಅವರ ಮೇಲೆ. ಸಿಟ್ಟು ಬಂದದ್ದಕ್ಕೆ ಒಳಗೊಳಗೇ ಹಾಯೆನಿಸಿತು ಕೂಡ, ಅಷ್ಟು ಹೊತ್ತು ನನ್ನ ಮೇಲಿನ ಸಿಟ್ಟು ಮರೆತಿತ್ತು. ಅದನ್ನು ನೆನೆದರೆ ಈಗ ಹೇಸಿಗೆಯಾಗುತ್ತದೆ.

ಅವರು ಹೋದ ಮೇಲೆ ಕಾಕಾನ ಹತ್ತಿರ ಕುಳಿತು, "ಆಕೀದು ಏನೂ ತಪ್ಪಿಲ್ಲ ಕಾಕಾ" ಎಂದೆ.

"ನನಗ ಗೊತ್ತಿಲ್ಲೇನ ತಂಗಿ?" ಎಂದರು. "ಆಕಿ ಏನಂತ ನನಗ ಗೊತ್ತೈತಿ. ಆದ್ರ ದೇವಿ ನಂದಲ್ಲ, ಊರವ್ರದು. ಇಂದ ಈ ಊರವ್ರು ಒಯ್ದ್ರ, ನಾಳೆ ಮತ್ತೊಂದ ಊರವ್ರೂ ಒಯ್ತಾರ. ಆವಾಗ ಈ ಕೋಣ್ಯಾಗ ಆಕಿ ಕುಂತು ಏನ ಮಾಡ್ತಾಳ?" ಆಮೇಲೆ ಎದ್ದು ಪರದೆ ಸರಿಸಿ ಒಳಗೆ ಹೋದರು. ಹೊರಗಿನವರ ಕಣ್ಣು ಬಿದ್ದ ಬಣ್ಣ ಇರಬಾರದು ಎಂದು ಎಲ್ಲ ಕೆರೆಯುತ್ತಿದ್ದರು. ಕೆರೆಯುವ ಸದ್ದು ಪಡಸಾಲೆಗೆ ಕೇಳುತ್ತಿತ್ತು. ಅದರಲ್ಲಿ ಅವಳು ಬರೆದ ಸೀರೆಯ ಅಂಚೂ ಇತ್ತು. ಅವಳು ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು, ಅಷ್ಟು ಜೋರಾಗಿ ತಿಕ್ಕುವಂಥ ಪಾತ್ರೆ ಅಲ್ಲಿ ಇರಲಿಲ್ಲ.

ಮನೆಗೆ ಬಂದವಳೇ ಸರಿ ಮಾಡಿದೆ. ಒಂದು ಚಹಾ ಕುದಿಯುವಷ್ಟು ಹೊತ್ತಿನ ಕೆಲಸ. 'ನಲವತ್ತೊಂದನ್ನು ತಾ' ಎಂದು ಬರೆದಿದ್ದ ಕಡೆ 'ಈಗ ಲಾಗಿನ್ ಆಗಿರುವವರ ದಾಖಲೆಗಳಲ್ಲಿ ನಲವತ್ತೊಂದು ಇದ್ದರೆ ಮಾತ್ರ ತಾ' ಎಂದು ಬರೆದೆ. ವೆಬ್‌ಸೈಟ್ ಕಟ್ಟಲು ನಾನು ಬಳಸುವ ಸಿದ್ಧ ಚೌಕಟ್ಟು, ಫ್ರೇಮ್‌ವರ್ಕ್, ಅದನ್ನು ಮೊದಲಿನಿಂದಲೂ ಕೊಟ್ಟಿದೆ, ಕೇಳಿದ್ದರೆ ಆಗಲೇ ಮಾಡುತ್ತಿತ್ತು. ಗಿರಾಕಿಗಳ ಪುಟಗಳಿಗೆ ಸಾಲುನಂಬರು ಬಿಟ್ಟು, ಯಾರೂ ಊಹಿಸಲಾಗದ ಉದ್ದನೆಯ ಅಕ್ಷರಸಾಲು ಕೊಟ್ಟೆ. ಹೊರಗಿನವರು ಬಂದರೆ 'ಈ ಪುಟ ಸಿಗಲಿಲ್ಲ' ಎಂದು ತೋರಿಸುವಂತೆ ಮಾಡಿದೆ. ಆಮೇಲೆ ಕುಷ್ಟಗಿಯದು, ಗಂಗಾವತಿಯದು ತೆಗೆದು ನೋಡಿದೆ. ಅವುಗಳಲ್ಲೂ ಅದೇ ಹುಳುಕು. ಯಾರಿಗೂ ಹೇಳದೆ ಮುಚ್ಚಿದೆ. ಇಷ್ಟು ಸಣ್ಣ ಕೆಲಸ ಎಂಬುದೇ ನನ್ನನ್ನು ಹೆಚ್ಚು ಚುಚ್ಚುತ್ತದೆ. ದೊಡ್ಡದಾಗಿದ್ದರೆ ತಿಳಿಯಲಿಲ್ಲ ಎಂದಾದರೂ ಹೇಳಬಹುದಿತ್ತು.

ಕೆಲವು ವಾರ ಕಳೆದು, ದೇವಿಯ ಬಣ್ಣ ಮತ್ತೆ ಮುಗಿಯುತ್ತ ಬಂದಾಗ ಕಾಕಾನ ಮಗ ಫೋನು ಮಾಡಿದ. ಈಗ ಫೋಟೋ ತೆಗೆಯುವುದೂ ಹೆಂಡತಿಯ ಬಳಿಯಿದ್ದ ಲಾಗಿನ್ನೂ ಅವನ ಪಾಲಿಗೆ ಬಂದಿದ್ದವು. ಪಾಸ್‌ವರ್ಡ್ ಮರೆತಿದ್ದಾನೆ. ಫೋನಿನಲ್ಲೇ ಹೇಳಿ ಮುಗಿಸಬಹುದಿತ್ತು. ನಾನೇ ಬರುತ್ತೇನೆ ಎಂದೆ. ಅವಳ ಮುಖ ನೋಡಬೇಕಿತ್ತು, ನೋಡಲು ಒಂದು ನೆಪ ಬೇಕಿತ್ತು.

ಹೋದ ದಿನವೇ ಕಣ್ಣು ಬರೆಯುವ ದಿನ. ಸಂಜೆ ಊರವರು ದೇವಿಯನ್ನು ಕರೆದೊಯ್ಯಲು ಬರುವವರಿದ್ದರು. ಕೋಣೆಯ ಪರದೆಯನ್ನು ನಾಲ್ಕೂ ಕಡೆ ಬಿಗಿದು ಕಟ್ಟಿತ್ತು. ಒಳಗೆ ಕಾಕಾ ಒಬ್ಬರೇ. ಮಗನನ್ನು ಕಚೇರಿಯಿಂದ ತುರ್ತಾಗಿ ಕರೆದಿದ್ದರಂತೆ, ಬರುತ್ತೇನೆಂದು ಹೋಗಿದ್ದ. ಪಡಸಾಲೆಯಲ್ಲಿ ಸೊಸೆ ಗಿಳಿಗೊಂಬೆಗಳ ಸಾಲನ್ನು ಮುಂದಿಟ್ಟುಕೊಂಡು ಅವಕ್ಕೆ ಕಣ್ಣು ಬರೆಯುತ್ತಿದ್ದಳು. ಒಂದು ಚುಕ್ಕೆ, ಸುತ್ತ ಒಂದು ಗೆರೆ, ಪಕ್ಕಕ್ಕೆ. ಮತ್ತೊಂದು ಗಿಳಿ. ನಾನು ಎದುರು ಕುಳಿತೆ.

"ಅಕ್ಕಾರ," ಎಂದಳು, ಗಿಳಿಯಿಂದ ಕಣ್ಣೆತ್ತದೆ. "ನಿನ್ನೆ ನನ್ನ ಫೋನಿನಾಗ ನಲವತ್ತೊಂದು ಹೊಡದಿದ್ನಿರಿ. ಫೋಟೋದಾಗರ ನೋಡೂಣು ಅಂತ. ಸಿಗಲಿಲ್ಲ ಅಂತ ಬಂತು."

"ನಾನ ಹಂಗ ಮಾಡೀನವಾ," ಎಂದೆ. "ಯಾರದ್ದು ಅವರಿಗಷ್ಟ ಕಾಣ್ತೈತಿ ಈಗ."

"ಹೆಂಗ ಮಾಡಿದ್ರಿ?"

ಹೇಳಿದೆ. ಅವಳು ಕುಂಚ ಬಟ್ಟಲಿನ ಅಂಚಿಗಿಟ್ಟು, ನನ್ನ ಕ್ಲಾಸಿನಲ್ಲಿ ಕುಳಿತು ಕೇಳುತ್ತಿದ್ದ ಹಾಗೇ ಪೂರ್ತಿ ಕೇಳಿದಳು. ಒಂದು ಕಡೆ ತಡೆದು, "ಅಂದ್ರ ಒಂದ ಸಾಲಿನ ಕೆಲಸ" ಎಂದಳು.

"ಹೂಂ. ಒಂದ ಸಾಲು."

"ಇದನ್ನ ಮೊದಲ ಮಾಡಿದ್ರ," ಎಂದಳು, "ಇವತ್ತ ನಾ ಒಳಗ ಇರ್ತಿದ್ನಿರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ಬಿಡಿಸಿ ಉತ್ತರ ಹೇಳಿದಂತಿತ್ತು. ಇಷ್ಟು ದಿನ ನನ್ನ ತಪ್ಪನ್ನು ಹಿಡಿದುಕೊಂಡು ಯಾರಾದರೂ ತಗೊಳ್ಳಿ ಎಂದು ತಿರುಗಿದ್ದೆ. ತಗೊಂಡವಳು ಇವಳು, ಯಾಕೆಂದರೆ ಅದು ಎಷ್ಟು ದೊಡ್ಡದು ಎಂದು ತಿಳಿಯುವಷ್ಟು ಅವಳಿಗೆ ನಾನೇ ಕಲಿಸಿದ್ದೆ. ಕ್ಷಮಿಸು ಎನ್ನಬೇಕೆಂದು ಬಾಯಿ ತೆರೆದೆ.

ಆಗ ಒಳಗಿನಿಂದ ಕಾಕಾ ಕೂಗಿದರು, "ಕನ್ನಡಿ."

ಕಣ್ಣು ಬರೆದು ಮುಗಿದಿತ್ತು. ಮಗ ಇನ್ನೂ ಬಂದಿರಲಿಲ್ಲ. ಅವಳು ಕೈ ತೊಳೆದುಕೊಂಡು ಗೂಡಿನಲ್ಲಿದ್ದ ಕನ್ನಡಿ ತೆಗೆದಳು, ಸೆರಗಿನಿಂದ ಒರೆಸಿದಳು, ಹೊಸ್ತಿಲವರೆಗೆ ಹೋಗಿ ನಿಂತಳು. ಕಾಲು ಒಳಗಿಡಲಿಲ್ಲ. ಪರದೆಯ ಸಂದಿಯಿಂದ ತೋಳೊಂದನ್ನೇ ಒಳಗೆ ಚಾಚಿದಳು. ಚಾಚಿದ ತೋಳಿನ ಆಚೆ ಏನೂ ಕಾಣದಂತೆ ಮುಖವನ್ನು ಪೂರ್ತಿ ಈ ಕಡೆಗೆ, ನನ್ನ ಕಡೆಗೆ ತಿರುಗಿಸಿಕೊಂಡಿದ್ದಳು. ಒಳಗಿನವರು ಕನ್ನಡಿ ತೆಗೆದುಕೊಳ್ಳುವವರೆಗೂ ಹಾಗೇ ನಿಂತು ನನ್ನನ್ನೇ ನೋಡಿದಳು.

ನಾನು ಕೆಳಗೆ ಗಿಳಿಗಳನ್ನು ನೋಡಿದೆ.